ಹೆತ್ತ ಮನೆ, ಸಾಕುವ ಕೈ

ಪರಶಿವನಿಗೆ ತಂದೆತಾಯಿಗಳಿಲ್ಲವೆಂಬುದನ್ನು ತತ್ತ್ವವಾಗಿ ಹೇಳಿದವರು ಹಲವರುಂಟು. ಆ ಮಾತನ್ನು ಕೇಳಿ ಹೆಂಗರುಳಿನಿಂದ ಮರುಗಿದವಳು ಬೆಜ್ಜಮಹಾದೇವಿ. ತಾಯಿಯೊಬ್ಬಳಿದ್ದಿದ್ದರೆ ಮಗನನ್ನು ವಿಷ ಕುಡಿಯಲು ಬಿಡುತ್ತಿದ್ದಳೆ, ಸುಡುಗಾಡಿನಲ್ಲಿ ಅಲೆಯಲು ಬಿಡುತ್ತಿದ್ದಳೆ ಎಂದು ಆಕೆ ಕಳವಳಗೊಂಡು, ಕೊನೆಗೆ ತಾನೇ ಶಿವನಿಗೆ ತಾಯಾದಳು. ಎಣ್ಣೆಯೊತ್ತಿ ನೀರೆರೆದಳು, ಹಾಲೂಡಿಸಿ ತೊಡೆಯ ಮೇಲೆ ಮಲಗಿಸಿದಳು. ಒಂದು ದಿನ ಆ ಕೂಸು ಬೇನೆಯ ನೆವದಿಂದ ಹಾಲನ್ನು ಒಲ್ಲದೆ ಹೋದಾಗ, ಮಗನಿಲ್ಲದ ಬಾಳು ತನಗೇತಕ್ಕೆಂದು ಪ್ರಾಣವನ್ನೇ ನೀಗಲು ಸಿದ್ಧಳಾದಳು. ಶಿವನು ಮೈದೋರಿ ಆಕೆಯನ್ನು ತಡೆದನು. ಅಂದಿನಿಂದ ಆಕೆ ಶಿವನಿಗೂ ಅಮ್ಮ, ಲೋಕಕ್ಕೂ ಅಮ್ಮವ್ವೆ. ಪಾಲ್ಕುರಿಕೆ ಸೋಮನಾಥನು ತೆಲುಗು ಬಸವಪುರಾಣದಲ್ಲಿ ಹೇಳಿದ ಕಥೆಯಿದು. ಭೀಮಕವಿಯು 1369ರಲ್ಲಿ ಬಸವಪುರಾಣವನ್ನು ಕನ್ನಡದಲ್ಲಿ ರಚಿಸಿದ ಮೇಲೆ ಇಂತಹ ಶರಣರ ಕಥೆಗಳು ನಮ್ಮ ಮಠಮನೆಗಳ ಪುರಾಣಶ್ರವಣಕ್ಕೆ ಒದಗಿದುವು.

ಶರಣಬಂಧುಗಳು ಈ ಕಥೆಯಲ್ಲಿ ಒಂದಂಶವನ್ನು ವಿಶೇಷವಾಗಿ ಗಮನಿಸಬೇಕು. ಅಮ್ಮವ್ವೆಯು ಆ ಕೂಸನ್ನು ಹೆತ್ತವಳಲ್ಲ, ಸಾಕಿದವಳು. ಸಾಕುವ ಕೈಗೂ ತಾಯ್ತನವುಂಟೆಂಬುದನ್ನು ನಮ್ಮ ಹಿರಿಯರು ಹೀಗೆ ಒಪ್ಪಿ ಪೂಜಿಸಿದರು. ಹೆತ್ತ ಮನೆಗೂ ಸಾಕುವ ಕೈಗೂ ನಡೆನುಡಿಗಳು ಬೇರೆಯಾದಾಗ ಏನು ಮಾಡಬೇಕೆಂಬುದೇ ಈ ಪಾಠದ ವಿಷಯ.

ಕಾಲ ತಂದ ಪ್ರಶ್ನೆ

ಹಿಂದೆ ಕೂಸನ್ನು ನೋಡಿಕೊಳ್ಳುವವರು ಅಜ್ಜಿ, ಸೋದರತ್ತೆ, ಅಕ್ಕ, ಹೆಚ್ಚೆಂದರೆ ನೆರೆಮನೆಯ ಅವ್ವ. ಎಲ್ಲರದೂ ಒಂದೇ ಓಣಿ, ಹೆಚ್ಚುಕಡಿಮೆ ಒಂದೇ ಆಚಾರ. ಇಂದು ಮಗನೂ ಸೊಸೆಯೂ ದುಡಿಮೆಗೆ ಹೋಗುವ ಮನೆಗಳು ಪಟ್ಟಣದಲ್ಲಿಯೂ ಹಳ್ಳಿಯಲ್ಲಿಯೂ ಬಹಳ. 1961ರ ಪ್ರಸೂತಿ ಸೌಲಭ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿಯು ಮೊದಲಿನ ಎರಡು ಹೆರಿಗೆಗಳಿಗೆ 26 ವಾರಗಳ ವೇತನಸಹಿತ ರಜೆಯನ್ನು ವಿಧಿಸಿತು; 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಶಿಶುಪಾಲನಾಗೃಹದ ಸೌಕರ್ಯವಿರಬೇಕೆಂದೂ, ತಾಯಿಯು ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಕೂಸನ್ನು ಕಾಣಬಹುದೆಂದೂ ಹೇಳಿತು. ಹಳ್ಳಿಗಳಲ್ಲಿ ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಕರ್ನಾಟಕ ಸರ್ಕಾರವು 2023ರಲ್ಲಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ಯೋಜಿಸಿತು. ಹೀಗೆ ಅರ್ಧ ವರ್ಷ ತುಂಬಿದ ಕೂಸು, ತಾಯ ಹಾಲಿನ ಜೊತೆಗೆ ಮೊದಲ ತುತ್ತು ಅನ್ನವನ್ನು ಕಾಣುವ ಹೊತ್ತಿಗೇ, ಬೇರೊಂದು ಮನೆತನದ, ಬೇರೊಂದು ಮಾತಿನ, ಬೇರೊಂದು ಮತದ ಹೆಣ್ಣುಮಗಳ ಮಡಿಲಿಗೂ ಹೋಗುವುದುಂಟು. ಆಕೆಯನ್ನು ದಾದಿಯೆನ್ನಿರಿ, ಆಯಾ ಎನ್ನಿರಿ. ಹಗಲಿನ ಎಂಟು ತಾಸು ಕೂಸಿನ ಹಸಿವು, ನಿದ್ರೆ, ಅಳು ಎಲ್ಲವೂ ಆಕೆಯ ಪಾಲಿನವು.

ಮಾತು ಬಾರದ ಕೂಸು ತನ್ನ ಮನೆಯ ರೀತಿಯನ್ನು ತಾನೇ ಹೇಳಲಾರದು. ಅದರ ಪರವಾಗಿ ಮನೆಯವರು ಮಾತನಾಡುತ್ತಾರೆ. ಅದರ ಹಿತವನ್ನು ಕಂಡೆನೆಂದು ದಾದಿಯೂ ಮಾತನಾಡುತ್ತಾಳೆ. ಇಬ್ಬರಲ್ಲಿಯೂ ಪ್ರೀತಿಯಿರುವುದರಿಂದಲೇ ಜಗಳ ತೀಕ್ಷ್ಣವಾಗುವುದು.

ಒಂದು ದೃಷ್ಟಾಂತ

ಬೆಂಗಳೂರಿನಲ್ಲಿ ನೆಲೆಸಿದ ಒಂದು ಶರಣಕುಟುಂಬವನ್ನು ಮನಸ್ಸಿಗೆ ತಂದುಕೊಳ್ಳೋಣ. ಗಂಡಹೆಂಡಿರಿಬ್ಬರೂ ನೌಕರಿಯಲ್ಲಿದ್ದಾರೆ. ಅಜ್ಜಿಯು ಊರಿನಿಂದ ಬಂದು ಕೆಲವು ತಿಂಗಳು ಇದ್ದಾಳೆ. ಕೂಸಿಗೆ ಗುರುಗಳ ಹಸ್ತದಿಂದ ಲಿಂಗಧಾರಣೆಯಾಗಿದೆ, ಕೊರಳಲ್ಲಿ ಶಿವದಾರವಿದೆ. ಶಿಶುಪಾಲನಾಗೃಹಕ್ಕೆ ಬಿಟ್ಟ ಮೊದಲನೆಯ ದಿನ ಸಂಜೆ ಕೂಸನ್ನು ಕರೆದುಕೊಂಡು ಬರಲು ಹೋದ ಅಜ್ಜಿಯು ನೋಡುತ್ತಾಳೆ: ಕೊರಳು ಬರಿದಾಗಿದೆ. ಶಿವದಾರ ಸಹಿತವಾದ ಲಿಂಗವು ಹಾಲಿನ ಬಾಟಲಿ, ಒದ್ದೆ ಬಟ್ಟೆಗಳ ನಡುವೆ ಚೀಲದಲ್ಲಿದೆ. ಅಜ್ಜಿಗೆ ಭೂಮಿ ಬಾಯ್ದೆರೆದಂತಾಯಿತು. ‘ನಾಳೆಯಿಂದ ಕೂಸು ಇಲ್ಲಿಗೆ ಬರುವುದಿಲ್ಲ’ ಎಂದು ಅಲ್ಲಿಯೇ ಹೇಳಿದಳು.

ದಾದಿಯು ತೆಲುಗು ಮಾತಿನ, ಬೇರೆ ಮತದ ಹೆಣ್ಣುಮಗಳು. ಆಕೆಗೂ ಕಣ್ಣು ತುಂಬಿತು. ‘ಅಮ್ಮಾ, ಅದನ್ನು ನಾನು ತಾಯಿತವೆಂದುಕೊಂಡೆ. ಮಲಗಿದ ಕೂಸಿನ ಕೊರಳಲ್ಲಿ ದಾರವಿದ್ದರೆ ನನ್ನ ಎದೆ ನಡುಗುತ್ತದೆ. ಹತ್ತು ಮಕ್ಕಳನ್ನು ನೋಡುವವಳು ನಾನು. ಒಂದು ಗಳಿಗೆ ಬೆನ್ನು ತಿರುಗಿಸಿದರೆ ಏನಾದೀತೋ’ ಎಂದಳು.

ಇವರಿಬ್ಬರಲ್ಲಿ ತಪ್ಪಿತಸ್ಥರಾರು? ಅಜ್ಜಿಗೆ ಲಿಂಗವು ಪ್ರಾಣಕ್ಕಿಂತ ಹೆಚ್ಚಿನದು. ಅದನ್ನು ಚೀಲದೊಳಗೆ ಕಂಡಾಗ ನೊಂದುದು ಸಹಜ. ದಾದಿಯ ಭಯವೂ ಹುಸಿಯಲ್ಲ. ಹಲ್ಲು ಬರುವಾಗಿನ ನೋವಿಗೆಂದು ಕೂಸುಗಳ ಕೊರಳಿಗೆ ಹಾಕುವ ಮಣಿಸರಗಳ ವಿಷಯದಲ್ಲಿ ಅಮೇರಿಕದ ಆಹಾರ ಮತ್ತು ಔಷಧ ಆಡಳಿತವು 2018ರಲ್ಲಿ ಎಚ್ಚರಿಕೆ ಹೊರಡಿಸಿತು. ಹದಿನೆಂಟು ತಿಂಗಳ ಕೂಸೊಂದು ಹಗಲಿನ ನಿದ್ರೆಯಲ್ಲಿ ಅಂತಹ ಸರ ಬಿಗಿದು ತೀರಿಕೊಂಡ ವರದಿಯೂ ಅದರಲ್ಲಿತ್ತು. ದಾರವು ಭಕ್ತಿಯದೋ ಅಲಂಕಾರದ್ದೋ ಎಂಬುದನ್ನು ಕೂಸಿನ ಮೃದುವಾದ ಕೊರಳು ಅರಿಯದು.

ಅಂದು ಜಗಳವನ್ನು ತಪ್ಪಿಸಿದ್ದು ಒಂದು ಪ್ರಶ್ನೆ. ತುಸು ಹೊತ್ತು ಸುಮ್ಮನಿದ್ದ ಅಜ್ಜಿ, ‘ಹಾಗಾದರೆ ನೀನೇ ಹೇಳು ತಂಗೀ, ಏನು ಮಾಡಿದರೆ ನಿನಗೆ ಭಯವಿಲ್ಲ?’ ಎಂದು ಕೇಳಿದಳು. ದಾದಿಯು, ‘ಇದು ನಿಮಗೆ ಏನೆಂಬುದನ್ನು ಮೊದಲು ನನಗೆ ತಿಳಿಸಿಕೊಡಿರಮ್ಮಾ’ ಎಂದಳು. ಅಜ್ಜಿ ತಿಳಿಸಿದಳು. ಮರುದಿನ ಮನೆಯವರು ತಮ್ಮ ಗುರುಗಳಲ್ಲಿ ವಿಚಾರಿಸಿದರು. ಲಿಂಗವನ್ನು ಕಂಠದಲ್ಲಿ ಮಾತ್ರವಲ್ಲದೆ ಉರ, ಕಕ್ಷ ಮೊದಲಾದ ಸ್ಥಾನಗಳಲ್ಲಿಯೂ ಧರಿಸುವ ಸಂಪ್ರದಾಯವುಂಟು. ಎಳೆಗೂಸಿನ ಲಿಂಗವನ್ನು ತೊಟ್ಟಿಲಿಗೆ ಕಟ್ಟುವ, ತಾಯಿಯೇ ಜೋಪಾನ ಮಾಡುವ ರೂಢಿಯೂ ಕೆಲವು ಮನೆಗಳಲ್ಲಿದೆ. ಗುರುಗಳ ಅಪ್ಪಣೆಯಂತೆ, ಕೂಸು ಅಲ್ಲಿರುವ ಹೊತ್ತಿನಲ್ಲಿ ತಾಯಿಯು ತನ್ನ ಲಿಂಗದೊಡನೆ ಕೂಸಿನ ಲಿಂಗವನ್ನೂ ಧರಿಸುವುದು, ಸಂಜೆ ಮಡಿಲಿಗೆ ಬಂದೊಡನೆ ಕೂಸಿನ ಮೈಗೆ ಮುಟ್ಟಿಸುವುದು, ನಿದ್ರೆಯ ಹೊತ್ತಿನಲ್ಲಿ ಮನೆಯಲ್ಲಿಯೂ ಕೊರಳಲ್ಲಿ ದಾರವಿಲ್ಲದಂತೆ ನೋಡಿಕೊಳ್ಳುವುದು ಎಂದು ಗೊತ್ತಾಯಿತು. ದಾದಿಯು ತನ್ನ ಪಾಲಿಗೆ ಎರಡು ನೇಮಗಳನ್ನು ಒಪ್ಪಿಕೊಂಡಳು: ಕೂಸಿನ ಹಣೆಯ ವಿಭೂತಿಯನ್ನು ಕಾರಣವಿಲ್ಲದೆ ಒರೆಸುವುದಿಲ್ಲ, ಮೊಟ್ಟೆ ಮಾಂಸಗಳು ತಾಗಿದ ಚಮಚವನ್ನು ಅದರ ಬಾಯಿಗೆ ತರುವುದಿಲ್ಲ.

ಎಲ್ಲ ಮನೆಗೂ ಇದೇ ಪರಿಹಾರವೆಂದು ನಮ್ಮ ಮಾತಲ್ಲ. ಅವರವರ ಗುರುಗಳ ಅಪ್ಪಣೆ ಅವರವರಿಗೆ. ಇಲ್ಲಿ ಕಲಿಯತಕ್ಕದ್ದು, ಆಜ್ಞೆಗೆ ಮೊದಲು ಪ್ರಶ್ನೆ ಬಂದಿತೆಂಬುದು. ‘ಹೀಗೇ ಮಾಡು’ ಎನ್ನುವ ಮೊದಲು ‘ನೀನೇಕೆ ಹಾಗೆ ಮಾಡುವೆ?’ ಎಂದು ಕೇಳುವುದೇ ಈ ಪಾಠದ ಸಾರ.

ಮೂರು ಬಗೆಯ ಭೇದಗಳು

ಮನೆಯವರಿಗೂ ದಾದಿಗೂ ನಡುವೆ ಬರುವ ಭೇದಗಳೆಲ್ಲವೂ ಒಂದೇ ತೂಕದವಲ್ಲ. ಅವನ್ನು ಮೂರಾಗಿ ವಿಂಗಡಿಸಿಕೊಂಡರೆ ದಾರಿ ಸುಲಭವಾಗುವುದು.

ಮೊದಲನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. ಇಲ್ಲಿ ಯಾರ ಹಿರಿತನವನ್ನೂ ನೋಡಲಾಗದು. ಕೂಸಿಗೆ ಜೇನು ನೆಕ್ಕಿಸುವುದು ಎಷ್ಟೋ ಮನೆಗಳ ಪದ್ಧತಿ. ಜೇನಿನಲ್ಲಿ ಒಮ್ಮೊಮ್ಮೆ ಇರುವ ಸೂಕ್ಷ್ಮಾಣುಬೀಜಗಳು ವರ್ಷ ತುಂಬದ ಕೂಸಿನ ಕರುಳಿನಲ್ಲಿ ಮೊಳೆತು, ವಿಷವನ್ನುಂಟುಮಾಡಿ, ಮೈಯನ್ನು ಸಡಿಲಗೊಳಿಸಿ ಉಸಿರಾಟಕ್ಕೇ ಕೇಡು ತರಬಲ್ಲವೆಂಬುದನ್ನು ವೈದ್ಯರು ಗುರುತಿಸಿದ್ದಾರೆ. ವರ್ಷ ತುಂಬುವವರೆಗೆ ಜೇನು ಬೇಡವೆಂದು ದಾದಿಯು ಹೇಳಿದರೆ ಮನೆಯವರು ಸಂತೋಷದಿಂದ ಒಪ್ಪತಕ್ಕದ್ದು. ಕಣ್ಣಿಗೆ ಹಚ್ಚುವ ಕಾಡಿಗೆಯಲ್ಲಿ ಸೀಸದ ಅಂಶವಿರಬಹುದಾದ ಕಾರಣ ಅದನ್ನು ಬಿಡಬೇಕೆಂಬುದೂ ಹಾಗೆಯೇ.

ಆದರೆ ಪ್ರಾಣದ ವಿಷಯದಲ್ಲಿ ಸರಿಯಾದುದು ಯಾವಾಗಲೂ ದಾದಿಯ ಕಡೆಗೇ ಇರುವುದೆಂದಲ್ಲ. ಕೂಸು ಬೇಗ ಸುಮ್ಮನಾಗಲೆಂದು ಅದನ್ನು ಬೋರಲು ಮಲಗಿಸುವವರುಂಟು. 1994ರಲ್ಲಿ ಅಮೇರಿಕದಲ್ಲಿ ಕೂಸನ್ನು ಅಂಗಾತ ಮಲಗಿಸಿರೆಂಬ ಪ್ರಚಾರವು ಆರಂಭವಾಯಿತು. ಆ ಬಳಿಕ ಅಲ್ಲಿ ನಿದ್ರೆಯಲ್ಲಿಯೇ ಕಾರಣ ತಿಳಿಯದೆ ಸಾಯುವ ಕೂಸುಗಳ ಪ್ರಮಾಣವು ಸುಮಾರು ಅರ್ಧಕ್ಕೆ ಇಳಿಯಿತು. ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಅಭ್ಯಾಸವಿದ್ದ ಅಜ್ಜಿಯು ಈ ಮಾತಿನಲ್ಲಿ ಪಟ್ಟು ಹಿಡಿದರೆ ದಾದಿಯು ಕೇಳಬೇಕಾದುದು ಧರ್ಮ.

ಎರಡನೆಯದು ನಂಬಿಕೆಗೂ ಮಾನಕ್ಕೂ ಸಂಬಂಧಿಸಿದ್ದು. ಲಿಂಗ, ವಿಭೂತಿ, ಶಾಕಾಹಾರ ಇವು ಈ ಬಗೆಯವು. ಇಲ್ಲಿ ಮನೆಯವರ ಮಾತು ನಡೆಯಬೇಕು. ಪ್ರಾಣಕ್ಕೆ ತೊಂದರೆಯಿಲ್ಲದ ಹಾಗೆ ಅದನ್ನು ನಡೆಸುವ ಉಪಾಯವನ್ನು ಇಬ್ಬರೂ ಕೂಡಿ ಹುಡುಕಬೇಕು. ಆದರೆ ನಮ್ಮ ನಂಬಿಕೆಯನ್ನು ದಾದಿಯು ತಾನಾಗಿ ಅರಿತಿರಬೇಕೆಂದು ಎಣಿಸುವುದು ನ್ಯಾಯವಲ್ಲ. ಹೇಳದೆ ಇದ್ದದ್ದನ್ನು ಆಕೆ ಮೀರಿದಳೆಂದು ಮುನಿಯುವವರು ತಮ್ಮ ಮೌನವನ್ನು ಮೊದಲು ವಿಚಾರಿಸಿಕೊಳ್ಳಲಿ.

ಉಣಿಸುವ ವಿಷಯ ಇಂತಹದೊಂದು. ನಮ್ಮ ಮನೆಗಳಲ್ಲಿ ಅನ್ನವು ಪ್ರಸಾದ. ಅಗುಳು ಚೆಲ್ಲದಂತೆ ಉಣ್ಣುವುದು ಮಕ್ಕಳಿಗೆ ಕಲಿಸುವ ಮೊದಲ ನೇಮ. ತಾಯಿಯು ಕೈತುತ್ತು ಕೊಟ್ಟೇ ಎರಡು ಮೂರು ವರ್ಷ ಉಣಿಸುತ್ತಾಳೆ. ಶಿಶುಪಾಲನಾಗೃಹದಲ್ಲಿಯಾದರೋ ಹತ್ತು ತಿಂಗಳ ಕೂಸಿನ ಮುಂದೆ ತಟ್ಟೆಯಿಟ್ಟು, ಅದು ತಾನೇ ಕಲಸಿ, ಚೆಲ್ಲಿ, ಮೈಗೆಲ್ಲ ಬಳಿದುಕೊಂಡು ಉಣ್ಣಲು ಬಿಡುವುದುಂಟು. ಅಜ್ಜಿಗೆ ಅದು ಪ್ರಸಾದವನ್ನು ತುಳಿದಂತೆ. ದಾದಿಗೆ ಅದು ಕೂಸಿನ ಕೈ, ಕಣ್ಣು, ಬಾಯಿಗಳು ಕೂಡಿ ಕೆಲಸ ಕಲಿಯುವ ಪಾಠ. ಒಬ್ಬರು ಅನ್ನದ ಮರ್ಯಾದೆಯನ್ನು ಕಾಯುತ್ತಿದ್ದಾರೆ, ಇನ್ನೊಬ್ಬರು ಕೂಸಿನ ಸ್ವಾವಲಂಬನೆಯನ್ನು. ಎರಡೂ ಒಳ್ಳೆಯವೇ. ತಟ್ಟೆಗೆ ಎರಡು ಚಮಚ ಮಾತ್ರ ಬಡಿಸಿ, ಮೊದಲು ಕೈತುತ್ತು ಕೊಟ್ಟು, ಕೊನೆಯ ನಾಲ್ಕು ತುತ್ತುಗಳನ್ನು ಕೂಸಿನ ಕೈಗೆ ಬಿಟ್ಟರೆ ಎರಡೂ ಉಳಿಯುತ್ತವೆ. ಅಕ್ಕಿ ಬೇಳೆಗಳನ್ನು ಆಟದ ಸಾಮಾನಾಗಿ ನೆಲಕ್ಕೆ ಸುರಿಯಬಾರದೆಂದು ಮನೆಯವರು ಕೇಳಿಕೊಂಡರೆ ಮರಳಿನಿಂದಲೂ ನೀರಿನಿಂದಲೂ ಆಡಿಸುವುದು ದಾದಿಗೆ ಕಷ್ಟವಲ್ಲ.

ಮೂರನೆಯದು ಕೇವಲ ರೂಢಿಗೆ ಸಂಬಂಧಿಸಿದ್ದು. ಮನೆಯಲ್ಲಿ ಸೀರೆಯ ಜೋಲಿ, ಅಲ್ಲಿ ನೆಲದ ಹಾಸಿಗೆ. ಮನೆಯಲ್ಲಿ ಅಜ್ಜಿಯು ಎರಡು ಪಾದಗಳ ನಡುವೆ ಕೂಸನ್ನು ಕುಳ್ಳಿರಿಸಿ ಸದ್ದು ಮಾಡಿ ಉಚ್ಚೆ ಹೊಯ್ಯಿಸುವಳು. ಅಲ್ಲಿ ವರ್ಷ ಎರಡಾಗುವವರೆಗೆ ಆ ಮಾತೇ ಇಲ್ಲ. ಮನೆಯಲ್ಲಿ ಅತ್ತೊಡನೆ ಎತ್ತಿಕೊಳ್ಳುವರು. ಹತ್ತು ಮಕ್ಕಳ ನಡುವೆ ದಾದಿಯು ಕೂಗಿ ಸಮಾಧಾನ ಹೇಳಿ ಸರದಿಯಂತೆ ಬರುವಳು. ಮನೆಯಲ್ಲಿ ಕನ್ನಡದ ಜೋಗುಳ. ಅಲ್ಲಿ ತೆಲುಗಿನದೋ ತಮಿಳಿನದೋ ಉರ್ದುವಿನದೋ ಲಾಲಿ. ಇವುಗಳಲ್ಲಿ ಯಾವುದೂ ಕೂಸನ್ನು ಕೆಡಿಸದು. ಹುಟ್ಟಿನಿಂದ ಎರಡು ನುಡಿಗಳನ್ನು ಕೇಳಿದ ಕೂಸು ಎರಡನ್ನೂ ಕಲಿಯಬಲ್ಲುದು. ಹಾಗೆಯೇ ಎರಡು ಕೈಗಳ ರೀತಿಯನ್ನೂ ಅರಿಯಬಲ್ಲುದು. ಮನೆಯಲ್ಲಿ ಹೀಗೆ, ಅಲ್ಲಿ ಹಾಗೆ ಎಂದು ಅದು ಬಲುಬೇಗ ತಿಳಿದುಕೊಳ್ಳುತ್ತದೆ. ಮೂರನೆಯ ಬಗೆಯ ಭೇದವನ್ನು ಎರಡನೆಯದೆಂದೂ, ಎರಡನೆಯದನ್ನು ಮೊದಲನೆಯದೆಂದೂ ಬಗೆದು ಹೋರಾಡುವುದೇ ನಮ್ಮ ಬಹುಪಾಲು ಕಲಹಗಳ ಮೂಲ.

ಮಾತುಕತೆಯ ಮೆಟ್ಟಿಲುಗಳು

ಅಮೇರಿಕದ ಶಿಶುಪಾಲನೆಯ ಶಿಕ್ಷಕಿ ಜಾನೆಟ್ ಗೊನ್ಸಾಲೆಸ್-ಮೆನಾ ಅವರು ಈ ವಿಷಯವನ್ನೇ ಕುರಿತು ಬಹುಕಾಲ ಬರೆದವರು. ನಾನಾ ದೇಶಗಳಿಂದ ಬಂದು ನೆಲೆಸಿದ ಕುಟುಂಬಗಳ ಕೂಸುಗಳನ್ನು ನೋಡಿಕೊಳ್ಳುವವರಿಗಾಗಿ ಅವರು ಐದು ಮೆಟ್ಟಿಲುಗಳನ್ನು ಹೇಳಿದರು. ಮೊದಲು ತನ್ನ ಮನಸ್ಸಿನ ಕಳವಳವನ್ನೂ ಎದುರಿನವರ ಭಾವವನ್ನೂ ಗಮನಿಸುವುದು. ಅನಂತರ ತನ್ನ ನಿಲುವನ್ನು ಬಿಡಿಸಿ ಹೇಳುವುದು. ಅದಕ್ಕೆ ಕಾರಣವನ್ನು ಕೊಡುವುದು. ಎದುರಿನವರ ಕಾರಣವನ್ನು ಅವರ ಸ್ಥಾನದಲ್ಲಿ ನಿಂತು ತಿಳಿಯುವುದು. ಕಡೆಗೆ ಮಾತ್ರ ಒಪ್ಪಂದಕ್ಕೆ ಬರುವುದು. ನಾವು ಸಾಮಾನ್ಯವಾಗಿ ಮಾಡುವುದೇನೆಂದರೆ, ಮೊದಲಿನ ನಾಲ್ಕನ್ನು ಹಾರಿ ಐದನೆಯದಕ್ಕೆ ಕಾಲಿಡುವುದು, ಕಾಲು ಜಾರುವುದು.

ಫಲವೂ ಒಂದೇ ಬಗೆಯಲ್ಲ. ಒಮ್ಮೆ ದಾದಿಯು ಕಲಿತು ತನ್ನ ರೀತಿಯನ್ನು ಬದಲಿಸುವಳು. ಒಮ್ಮೆ ಮನೆಯವರು ಕಲಿತು ಬದಲಿಸುವರು. ಒಮ್ಮೆ ಇಬ್ಬರೂ ಬದಲಾಗಿ ಮೂರನೆಯ ಹಾದಿ ಕಾಣುವುದು. ಒಮ್ಮೊಮ್ಮೆ ಯಾವ ಒಪ್ಪಂದವೂ ಆಗದೆ, ಭೇದವನ್ನು ಭೇದವಾಗಿಯೇ ಇಟ್ಟುಕೊಂಡು ಪರಸ್ಪರ ಗೌರವದಿಂದ ನಡೆಯಬೇಕಾಗುವುದು. ಈ ಕೊನೆಯದೂ ಸೋಲಲ್ಲ. ಕೂಸಿನೆದುರು ದಾದಿಯನ್ನು ಹಳಿಯದಿರುವ ಮನೆ, ಕೂಸಿನೆದುರು ಮನೆಯನ್ನು ಹಳಿಯದಿರುವ ದಾದಿ, ಇವರಿಬ್ಬರ ನಡುವೆ ಬೆಳೆಯುವ ಮಗು ಭಿನ್ನತೆಯನ್ನು ಕಂಡು ಹೆದರುವುದಿಲ್ಲ.

ನಮ್ಮನ್ನು ನಾವು ಕೇಳಿಕೊಳ್ಳಬೇಕಾದುದು

ಇನ್ನೊಂದು ಮಾತನ್ನು ಹೇಳದೆ ಈ ಪಾಠ ಪೂರ್ಣವಾಗದು. ಅದು ಕೇಳಲು ಕಹಿಯಾಗಿರಬಹುದು. ಮನೆಗೇ ದಾದಿಯನ್ನು ಕರೆಸಿಕೊಳ್ಳುವ ಗೃಹಸ್ಥರು ಆಕೆಯ ಕೆಲಸವನ್ನು ವಿಚಾರಿಸುವ ಮೊದಲು ಜಾತಿಯನ್ನು ವಿಚಾರಿಸುವುದು ಇಂದಿಗೂ ನಿಂತಿಲ್ಲ. ವಿಚಾರಿಸಿ, ಒಪ್ಪಿ, ಕೆಲಸಕ್ಕಿಟ್ಟುಕೊಂಡ ಮೇಲೂ ಆಕೆಗೆ ಬೇರೆ ಲೋಟ, ಬೇರೆ ತಟ್ಟೆ, ಹಿತ್ತಿಲ ಬಾಗಿಲು. ನಮ್ಮ ಕೂಸನ್ನು ಆಕೆಯ ಮಡಿಲಿಗೆ ಕೊಡುತ್ತೇವೆ. ನಮ್ಮ ಲೋಟವನ್ನು ಆಕೆಯ ಕೈಗೆ ಕೊಡಲಾರೆವು. ಕೂಸು ಆಕೆಯ ಬೆರಳನ್ನು ಚೀಪುತ್ತಾ ನಿದ್ರೆ ಹೋಗುತ್ತದೆ. ನಾವು ಆಕೆ ಮುಟ್ಟಿದ ಪಾತ್ರೆಯನ್ನು ಬೇರೆ ತೊಳೆಯುತ್ತೇವೆ. ಇದಕ್ಕಿಂತ ದೊಡ್ಡ ವಿಪರೀತವುಂಟೆ?

ಶರಣರಲ್ಲಿ ಮಾದಾರ ಚೆನ್ನಯ್ಯನಿದ್ದನು, ಸಮಗಾರ ಹರಳಯ್ಯನಿದ್ದನು. ನೂಲುವ ಕದಿರ ರೆಮ್ಮವ್ವೆಯೂ ಅಕ್ಕಿಯನ್ನು ಆಯ್ದು ತರುವವರೂ ಇದ್ದರು. ಅವರ ಕಾಯಕವೇ ಅವರ ಘನತೆ. ಬಾಗಿಲಿಗೆ ಬಂದವನನ್ನು ಪರಕೀಯನೆಂದು ಎಣಿಸದೆ ಮನೆಯವನೆಂದೇ ಎಣಿಸಬೇಕೆಂಬುದು ಬಸವಣ್ಣನವರು ನಮಗೆ ಕೊಟ್ಟ ದೀಕ್ಷೆಯ ಹುರುಳು. ಕೂಸಿನ ಮಲವನ್ನು ಅಸಹ್ಯಪಡದೆ ತೊಳೆಯುವ, ಜ್ವರ ಬಂದಾಗ ತನ್ನ ಎದೆಗವಚಿಕೊಂಡು ಅಡ್ಡಾಡುವ ಹೆಣ್ಣುಮಗಳ ಕೆಲಸವು ಕಾಯಕವಲ್ಲದಿದ್ದರೆ ಇನ್ನಾವುದು ಕಾಯಕ? ಆಕೆಗೆ ಸಕಾಲಕ್ಕೆ ತಕ್ಕ ಕೂಲಿ, ವಾರಕ್ಕೊಂದು ಬಿಡುವು, ನಮ್ಮ ಪಂಕ್ತಿಯಲ್ಲಿ ಒಂದು ಎಲೆ, ಇವನ್ನು ಕೊಡದೆ ನಮ್ಮ ಆಚಾರವನ್ನು ಆಕೆ ಗೌರವಿಸಲಿ ಎಂದು ಬಯಸುವುದು ಬಿತ್ತದೆ ಬೆಳೆಯನ್ನು ಬಯಸಿದಂತೆ. ಕೆಳಗೆ ಕುಳ್ಳಿರಿಸಿದವರೊಡನೆ ನಡೆಯುವ ಮಾತು ಮಾತುಕತೆಯಲ್ಲ, ಅದು ಅಪ್ಪಣೆ. ಅಪ್ಪಣೆಗೆ ಒಳಗಾದವಳು ತಲೆಯಾಡಿಸುವಳು, ಬೆನ್ನು ತಿರುಗಿದೊಡನೆ ತನಗೆ ತಿಳಿದಂತೆ ಮಾಡುವಳು. ಕೂಸಿನ ಪ್ರಾಣಕ್ಕೆ ಬೇಕಾದ ನಿಜದ ಮಾತನ್ನೂ ಭಯದಿಂದ ಹೇಳದೆ ಉಳಿಯುವಳು. ಸಮತೆಯು ಕೂಸಿನ ಕ್ಷೇಮಕ್ಕೂ ಅಗತ್ಯವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಆಚರಣೆಗೆ

ಗೃಹಸ್ಥರು ಇಷ್ಟನ್ನು ನೇಮವಾಗಿ ಕೈಕೊಳ್ಳಬಹುದು. ಕೂಸನ್ನು ಒಪ್ಪಿಸುವ ಮೊದಲೇ ಒಂದು ದಿನ ದಾದಿಯೊಡನೆ ಕುಳಿತು, ನಮ್ಮ ಮನೆಯಲ್ಲಿ ಕೂಸು ಹೇಗೆ ಉಣ್ಣುವುದು, ಹೇಗೆ ಮಲಗುವುದು, ಯಾವುದು ನಮಗೆ ಪವಿತ್ರ ಎಂಬುದನ್ನು ಹೇಳಬೇಕು. ಆಕೆಯ ರೀತಿಯನ್ನೂ ಕೇಳಬೇಕು. ಮೊದಲ ಕೆಲವು ದಿನ ತಾಯಿಯೋ ಅಜ್ಜಿಯೋ ಜೊತೆಗಿದ್ದು ಕೂಸಿಗೆ ಹೊಸ ಕೈಯ ಪರಿಚಯ ಮಾಡಿಸಬೇಕು. ಭೇದ ಬಂದಾಗ ಅದು ಪ್ರಾಣದ್ದೋ, ನಂಬಿಕೆಯದೋ, ರೂಢಿಯದೋ ಎಂದು ಮೊದಲು ತೂಗಬೇಕು. ಸಂಶಯವಿದ್ದರೆ ದೇಹದ ವಿಷಯವನ್ನು ವೈದ್ಯರಲ್ಲಿ, ಆಚಾರದ ವಿಷಯವನ್ನು ಗುರುಗಳಲ್ಲಿ ಕೇಳಬೇಕು. ಸಂಜೆ ಕೂಸನ್ನು ಕರೆತರುವಾಗ ‘ಇಂದು ಏನು ತಪ್ಪು ಮಾಡಿದೆ?’ ಎಂಬ ನೋಟದಿಂದ ಹೋಗದೆ, ‘ಇಂದು ಕೂಸು ಏನು ಹೊಸದು ಕಲಿತಿತು ತಾಯೀ?’ ಎಂಬ ಮಾತಿನಿಂದ ಹೋಗಬೇಕು.

ಬೆಜ್ಜಮಹಾದೇವಿಯು ತಾನು ಹೆರದ ಕೂಸಿಗಾಗಿ ಪ್ರಾಣ ಬಿಡಲು ಸಿದ್ಧಳಾದಳು. ಶಿವನು ಆ ಸಾಕುತಾಯಿಗೆ ಮಗನಾಗಿ ಒಲಿದನು. ನಮ್ಮ ಮಕ್ಕಳನ್ನು ಎತ್ತಿ ಆಡಿಸುವ ಕೈಗಳಲ್ಲಿ ಅಮ್ಮವ್ವೆಯ ಕೈಯನ್ನು ಕಾಣುವ ಕಣ್ಣು ನಮಗೆ ಬರಲಿ.